ಕೆಂಪು ದಾರದ ಗಡಿಗೆ

ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ನಮ್ಮೂರ ಗಡಿಗೆಗಳು ಗುನುಗುತ್ತವೆ. ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ನಾಗಂದಿಗೆಯ ಹಲಗೆಯ ಮೇಲೆ ಸಾಲಾಗಿ ಕೂತಿರುತ್ತವಲ್ಲ, ಅವುಗಳ ಒಳಗಿನ ದನಿಗಳು ಕಾವಿಗೆ ಒಮ್ಮೆ ಮಗ್ಗುಲು ಬದಲಿಸುತ್ತವೆ, ಅಷ್ಟೆ. ಬೇರೆ ಕಡೆಯಿಂದ ಮದುವೆಯಾಗಿ ಬಂದ ಸೊಸೆಯರಿಗೆ ಮೊದಲ ಒಂದು ವಾರ ಮಧ್ಯಾಹ್ನದ ನಿದ್ದೆ ಹತ್ತುವುದಿಲ್ಲ. ಆಮೇಲೆ ಆ ಗುನುಗು ಇಲ್ಲದಿದ್ದರೆ ಹತ್ತುವುದಿಲ್ಲ. ತವರಿಗೆ ಹೋದವರು ಎರಡೇ ದಿನಕ್ಕೆ ತಿರುಗಿ ಬರುತ್ತಾರೆ. ಅಲ್ಲಿ ಮನೆಗಳು ಬಹಳ ಸುಮ್ಮನಿರುತ್ತವೆ ಎನ್ನುತ್ತಾರೆ.

ಈ ಗಡಿಗೆಗಳನ್ನು ಮಾಡುವ ಮನೆ ಊರಿಗೆಲ್ಲ ಒಂದೇ. ಅದು ನನ್ನ ಸೋದರತ್ತೆ ಕೊಟ್ರವ್ವನ ಮನೆ. ನನಗೆ ಮೂರು ವರ್ಷವಾಗಿದ್ದಾಗ ಅವ್ವ ತೀರಿಕೊಂಡಳು. ಅತ್ತೆ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದವಳು ಮತ್ತೆ ಕೆಳಗಿಳಿಸಲೇ ಇಲ್ಲ ಎಂದು ಊರವರು ಹೇಳುತ್ತಾರೆ. ಇಳಿಸಿದ್ದು ಕುಂಬಾರಿಕೆಯ ತಿಗರಿಯ ಮುಂದೆ. ಊರ ಹೊರಗಿನ ಬಿಳಿ ಬಯಲಿನಿಂದ ಮಣ್ಣು ತರುವುದು, ಜರಡಿ ಹಿಡಿಯುವುದು, ತುಳಿಯುವುದು, ತಿಗರಿಗಿಟ್ಟು ಎತ್ತುವುದು, ನೆರಳಿನಲ್ಲಿ ಒಣಗಿಸುವುದು, ಆವಿಗೆಗೆ ಹಾಕಿ ಸುಡುವುದು, ಇಪ್ಪತ್ತೆಂಟು ವರ್ಷ ತುಂಬುವಷ್ಟರಲ್ಲಿ ಇಷ್ಟೂ ನನ್ನ ಕೈಗೆ ಬಂದಿತ್ತು. ಬಾರದೇ ಉಳಿದದ್ದು ಒಂದೇ, ಮಾತು ಹೇಳುವುದು.

ಗಡಿಗೆ ಇನ್ನೂ ಹಸಿಯಿರುವಾಗ ಅದರ ಬಾಯಿಗೆ ಬಾಯಿಟ್ಟು ಒಂದು ಮಾತು ಹೇಳಬೇಕು. ಜೋಗುಳ ಎಂದು ಹೇಳಿದರೆ ಅದು ಮುಂದೆ ಜೋಗುಳವನ್ನಷ್ಟೇ ಹಿಡಿಯುತ್ತದೆ. ಹಾಡು ಎಂದರೆ ಬೀಸುವ ಹಾಡು, ಸೋಬಾನೆ, ಜೋಗುಳ ಯಾವುದಾದರೂ ಸರಿ. ದನಿ ಎಂದರೆ ಮನುಷ್ಯರ ಬಾಯಿಂದ ಬಂದದ್ದೆಲ್ಲ ಆಯಿತು. ಬೈದದ್ದು, ಕರೆದದ್ದು, ಆಕಳಿಸಿದ್ದು. ಸದ್ದು ಎಂದರೆ ಬಾಗಿಲು ಕಿರುಗುಟ್ಟಿದ್ದು, ನಾಯಿ ಬೊಗಳಿದ್ದು ಕೂಡ ಒಳಗೆ ಹೋಗಿ ಕೂರುತ್ತದೆ. ಮಣ್ಣು ಅದೇ, ತಿಗರಿ ಅದೇ, ಹೊರಗಿನಿಂದ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸ ಕಾಣುವುದಿಲ್ಲ. ಹೇಳಿದ ಮಾತನ್ನು ಗಡಿಗೆಯ ಮೇಲೆ ಬರೆಯುವ ಹಾಗಿಲ್ಲ, ಬರೆದರೆ ಅದು ಕಿವುಡಾಗುತ್ತದೆ. ಮಾಡಿದವಳು ನೆನಪಿಟ್ಟುಕೊಳ್ಳಬೇಕು, ಕೊಂಡವರಿಗೆ ಹೇಳಿ ಕಳಿಸಬೇಕು.

ಹನ್ನೊಂದೋ ಹನ್ನೆರಡೋ ವರ್ಷದವಳಿದ್ದಾಗ ನಾನು ಒಮ್ಮೆ ಬೈಸಿಕೊಂಡಿದ್ದೆ. ಮದುವೆ ಮನೆಯವರು ಹಾಡಿನ ಗಡಿಗೆ ಬೇಕೆಂದು ಬಂದಿದ್ದರು. ಮನೆಯಲ್ಲಿ ಇದ್ದವೆಲ್ಲ ಜೋಗುಳದವು. ನಾನು ಒಂದನ್ನು ಎತ್ತಿ ಕೊಡಲು ಹೋದೆ. ಅತ್ತೆ ನನ್ನ ಕೈ ಹಿಡಿದಳು.

"ಜೋಗುಳ ಹಾಡಲ್ಲೇನ ಅತ್ತಿ?" ಎಂದೆ.

"ಹಾಡ."

"ಮತ್ತ ಜೋಗುಳದ ಗಡಿಗಿ ಹಾಡಿನ ಗಡಿಗಿ ಯಾಕಲ್ಲ?"

"ಹಾಡಿನ ಗಡಿಗಿ ಅಂತ ಹೇಳಿ ಇದನ್ನ ಕೊಟ್ಟಿ ಅಂದ್ರ, ತಗೊಂಡಾಕಿ ಮನಿಗೆ ಹೋಗಿ ಇದರಾಗ ಸೋಬಾನಿ ಹಾಕ್ತಾಳ. ಹಾಡಿನ ಗಡಿಗಿಗೆ ಸೋಬಾನಿ ಹಾಕೂದು ತಪ್ಪೇನು? ಆಕೀದು ತಪ್ಪಲ್ಲ. ಆದ್ರ ಇದು ಜೋಗುಳದ್ದು, ಹೊಸದಿದ್ದಾಗ ಹೊರಗ ತಳ್ಳತೈತಿ, ಹಳೇದಾದ ಮ್ಯಾಲೆ ತಡಕೊಳ್ಳಂಗಿಲ್ಲ. ಒಡದ ಗಡಿಗಿ ಯಾರ ಕೊರಳಿಗೆ? ನಿನ್ನ ಕೊರಳಿಗೆ."

ನನಗೆ ಅರ್ಥವಾಯಿತು ಎಂದುಕೊಂಡೆ. ಜೋಗುಳ ಹಾಡಿನ ಮಗಳು, ಆದರೆ ಜೋಗುಳದ ಗಡಿಗೆ ಹಾಡಿನ ಗಡಿಗೆಯ ಮಗಳಲ್ಲ. ಬಾಯಿಪಾಠ ಮಾಡಿದ ಹಾಗೆ ಇಟ್ಟುಕೊಂಡೆ.

ಹಳೆಯ ಗಡಿಗೆಗಳದ್ದು ಬೇರೆಯೇ ಪಾಡು. ಅತ್ತೆಯ ತಾಯಿ ಮಾಡಿದವು ಊರಿನಲ್ಲಿ ನೂರಾರಿವೆ. ಆಕೆ ಎಲ್ಲ ಮಾತುಗಳನ್ನೂ ಹೇಳಿ ಹೋಗಲಿಲ್ಲ, ಕೊಂಡವರೂ ಮುದುಕರಾಗಿ ಮರೆತರು. ಇಂಥವನ್ನು ನಮ್ಮಲ್ಲಿ ಯಾವುದೋ ಗಡಿಗೆ ಎನ್ನುತ್ತಾರೆ. ಜನ ಅವನ್ನು ಅತ್ತೆಯ ಹತ್ತಿರ ತರುತ್ತಿದ್ದರು. ಅವಳು ಬೆರಳಿನ ಗಂಟಿನಿಂದ ಒಮ್ಮೆ ತಟ್ಟಿ ಕಿವಿಗೊಟ್ಟು ಕೂರುತ್ತಿದ್ದಳು. ತಟ್ಟಿದರೆ ಅದು ಯಾವ ವಂಶದ್ದು ಎನ್ನುವುದು ತಿಳಿಯುತ್ತಿತ್ತು, ಆ ವಂಶದಲ್ಲಿ ಯಾರು, ಹಾಡೋ ಜೋಗುಳವೋ ಇನ್ನೊಂದೋ ಎನ್ನುವುದು ತಿಳಿಯುತ್ತಿರಲಿಲ್ಲ. ದನಿಯ ವಂಶದ್ದು ಎಂದು ಗೊತ್ತಾದರೆ ಕೊರಳಿಗೆ ಕೆಂಪು ದಾರ ಕಟ್ಟುತ್ತಿದ್ದಳು. ಅದರಿಂದ ಏನೇ ತೆಗೆದರೂ ಬರುವುದು ಮನುಷ್ಯರ ದನಿಯೇ, ಅಷ್ಟು ನಂಬಬಹುದು. ಆದರೆ ಏನನ್ನೂ ಹಾಕಬಾರದು, ಏನು ಹಿಡಿಯುತ್ತದೋ ಗೊತ್ತಿಲ್ಲವಲ್ಲ. ಇನ್ನು ಕೆಲವು ಗಡಿಗೆಗಳು ಯಾರು ಯಾವ ಜೋಗುಳ ಹಾಡಿದರೂ ಹಿಡಿದಿರುತ್ತಿದ್ದವು. ಅಂಥವುಗಳ ಮಾತು ಜೋಗುಳವೋ, ಅದರ ತಾಯಿಯಾದ ಹಾಡೋ, ಅಜ್ಜಿಯಾದ ದನಿಯೋ, ಮುತ್ತಜ್ಜಿಯಾದ ಸದ್ದೋ ಆಗಿರಬೇಕು. ಅವಕ್ಕೆ ಬಿಳಿ ದಾರ. ಜೋಗುಳ ಹಾಕಲು ಅಡ್ಡಿಯಿಲ್ಲ, ಆದರೆ ತೆಗೆದಾಗ ಏನು ಬಂದೀತು ಎಂದು ಕೇಳಬಾರದು. ಜೋಗುಳ ಬರಬಹುದು, ಯಾರದೋ ನಾಯಿ ಬೊಗಳಬಹುದು. ಕೆಂಪಾದರೆ ತೆಗೆ, ಬಿಳಿಯಾದರೆ ಹಾಕು. ಇದೂ ನನಗೆ ಬಾಯಿಪಾಠವೇ ಆಗಿತ್ತು.

ಹಾಲವ್ವ ಬಂದದ್ದು ಒಂದು ಬೆಳಗ್ಗೆ. ಬಯಲಿನ ಬಿಳಿ ಧೂಳು ಇನ್ನೂ ಗಾಳಿಯಲ್ಲಿ ತೇಲುತ್ತಿತ್ತು, ಅದರೊಳಗಿಂದ ಅವಳು ನಿಧಾನಕ್ಕೆ ಮೂಡಿದಳು. ಹಾಲವ್ವನನ್ನು ಊರಿನಲ್ಲಿ ಕಣ್ಣಿಗಿಂತ ಕಿವಿಗೇ ಹೆಚ್ಚು ಗೊತ್ತು. ದಿನಾ ಸೊಪ್ಪಿನ ಪಲ್ಲೆಯ ಬುಟ್ಟಿ ಹೊತ್ತು "ಪುಂಡಿಪಲ್ಲೇ, ರಾಜಗಿರೀ, ಕಿರಕಸಾಲೀ" ಎಂದು ಓಣಿ ಓಣಿ ಕೂಗುವವಳು. ಅವಳ ಕೂಗಿಗೆ ಒಲೆ ಹೊತ್ತಿಸುವವರಿದ್ದರು. ಆ ದಿನ ತಲೆಯ ಮೇಲೆ ಬುಟ್ಟಿ ಇರಲಿಲ್ಲ, ಎದೆಗವಚಿಕೊಂಡ ಒಂದು ಗಡಿಗೆ ಇತ್ತು. ಬಾಯಿ ತೆರೆದರೆ ದನಿ ಹರಿದ ಜರಡಿಯಿಂದ ಬಿದ್ದ ಹಾಗೆ ಬಂತು.

"ಕೊಟ್ರಕ್ಕಾ, ಇದು ನಮ್ಮವ್ವನ ಗಡಿಗಿ. ಇದರಾಗ ನನ್ನ ದನೀನೂ ಇಡಬೇಕಾಗೇತಿ."

ಅತ್ತೆ ಅವಳಿಗೆ ನೀರು ಕೊಟ್ಟು ಕೂರಿಸಿದಳು. ಹಾಲವ್ವ ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ಗಂಟಲಲ್ಲಿ ಗಂಟಾಗಿದೆ. ದೊಡ್ಡಾಸ್ಪತ್ರೆಯ ಡಾಕ್ಟರು ಇಪ್ಪತ್ತೆರಡು ದಿನಕ್ಕೆ ಕೊಯ್ಯಲು ದಿನ ಕೊಟ್ಟಿದ್ದಾರೆ. "ಜೀವ ಉಳೀತೈತಿ, ದನಿ ಉಳಿಯಂಗಿಲ್ಲ ಅಂದ್ರು. ಸಾಯೂದಕ್ಕ ನಾ ಅಂಜಿಲ್ಲ. ಆದ್ರ ನಮ್ಮ ಮಗಳು ರೇಣವ್ವಗ ಏಳು ತಿಂಗಳಾಗೇತಿ. ಬಾಣಂತನಕ್ಕ ಬಂದಾಳ. ಹುಟ್ಟೂ ಕೂಸಿಗೆ ತೊಟ್ಟಿಲ ಕಟ್ಟತೀನಿ ನಾ. ತೂಗತೀನಿ. ಸುಮ್ಮನ ತೂಗಲೇನು?"

ಅತ್ತೆ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಟ್ಟಿದಳು. ಬಹಳ ಹೊತ್ತು ಕೇಳಿದಳು. ಆಮೇಲೆ ಎದ್ದು ಹೋಗಿ ಕೆಂಪು ದಾರ ತಂದು ಕೊರಳಿಗೆ ಕಟ್ಟಿದಳು.

"ಇದು ದನಿ ವಂಶದ್ದು. ನಮ್ಮವ್ವ ಮಾಡಿದ್ದು. ಏನಂತ ಹೇಳಿದ್ಲೋ ನನಗ ಗೊತ್ತಿಲ್ಲ ಹಾಲವ್ವಾ. ಕೇಳು, ಎಷ್ಟರ ಕೇಳು. ಹಾಕೂ ಹಂಗಿಲ್ಲ."

"ನಮ್ಮವ್ವ ಹಾಕ್ಯಾಳಲ್ಲ?"

"ಆಕಿಗೆ ಮಾತು ಗೊತ್ತಿತ್ತು."

ಹೊಸ ಗಡಿಗೆ ಮಾಡಿಕೊಡುತ್ತೇನೆ, ಬೇಕಾದ ಮಾತು ಹೇಳುತ್ತೇನೆ ಎಂದು ಅತ್ತೆ ಹೇಳಿದಳು. ಹಾಲವ್ವ ನೆಲ ನೋಡುತ್ತಾ ಬೇಡವೆಂದು ತಲೆಯಾಡಿಸಿದಳು. "ಹೊಸ ಗಡಿಗ್ಯಾಗ ನಾ ಒಬ್ಬಾಕಿ ಇರಬೇಕಾಗತೈತಿ ಯಕ್ಕಾ. ನಮ್ಮವ್ವನ ಬಾಜೂಕ ಇದ್ರ ಕೂಸಿಗೆ ಇಬ್ಬರೂ ಸಿಗತೀವಿ."

ಗಡಿಗೆಯನ್ನು ಮನೆಗೆ ಒಯ್ಯಲಿಲ್ಲ. ನಮ್ಮ ಪಡಸಾಲೆಯಲ್ಲೇ ಇಟ್ಟು ದಿನಾ ಬಂದು ಅದರ ಮುಂದೆ ಕೂರುತ್ತಿದ್ದಳು. ಬಟ್ಟೆ ಸಡಿಲಿಸಿದರೆ ಅವಳ ತಾಯಿ ಫಕೀರವ್ವನ ದನಿ ಹೊರಬರುತ್ತಿತ್ತು, ಒಂದು ಉಸಿರಿನಷ್ಟು ಹೊತ್ತು ನಿಂತು ತಿರುಗಿ ಒಳಗೆ ಹೋಗುತ್ತಿತ್ತು. ಆರು ದಿನದಲ್ಲಿ ಮೂರು ಜೋಗುಳ ಬಂದವು, ಮತ್ತೆ ಮತ್ತೆ ಅವೇ ಮೂರು. ಮೂರನೆಯದು ನನಗೂ ಬಾಯಿಗೆ ಬಂದಿತ್ತು:

ಮಲಗವ್ವ ಮಲಗ ಮುಗಿಲಿನ ಮಗ್ಗಲಿಗೆ
ಮಾಗೀಯ ಗಾಳಿ ಮನಿಗ್ಹೋತ, ನನ ಕಂದ
ನೀ ಒಬ್ಬಾಕಿ ಯಾಕ ಎಚ್ಚರ

ಇದು ಬಂದಾಗ ಹಾಲವ್ವ ಕಣ್ಣು ಮುಚ್ಚಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಐವತ್ತರ ಹೆಂಗಸಲ್ಲ ಎನ್ನುವ ಹಾಗೆ.

ಏಳನೆಯ ದಿನ ಅತ್ತೆ ಬಂಡಿ ಕಟ್ಟಿಸಿಕೊಂಡು ಮಣ್ಣಿಗೆ ಹೋದಳು. ಹಾಲವ್ವ ಬಂದಳು. ಅವಳ ದನಿ ಹಿಂದಿನ ದಿನಕ್ಕಿಂತ ಇನ್ನೂ ತೆಳ್ಳಗಾಗಿತ್ತು. ಕೂತು ಕೇಳಿದಳು, ಅವೇ ಮೂರು ಜೋಗುಳ. ನನಗೆ ತಡೆಯಲಾಗಲಿಲ್ಲ.

"ಹಾಲಕ್ಕಾ, ಬರೂದೆಲ್ಲ ಜೋಗುಳನ. ಅಂದ್ರ ಇದು ಜೋಗುಳದ ಗಡಿಗಿ. ಇನ್ನೇನಿರತೈತಿ? ನೀ ಒಂದು ಜೋಗುಳ ಹಾಡು, ನಾ ದಾರ ಬಿಚ್ಚತೀನಿ."

ಅವಳು ನನ್ನ ಮುಖ ನೋಡಿದಳು. "ಕೊಟ್ರಕ್ಕ?"

"ಅತ್ತಿಗೆ ನಾ ಹೇಳ್ತೀನಿ."

ದಾರ ಬಿಚ್ಚಿದೆ. ಹಾಲವ್ವ ಗಡಿಗೆಯ ಬಾಯಿಗೆ ಬಗ್ಗಿ ಹಾಡಿದಳು. ಆ ಒಡಕು ದನಿಯಲ್ಲೂ ತಾಯಿಯ ಸ್ವರದ ಬಾಗು ಇತ್ತು. ಹೊಸ ಗಡಿಗೆಯಾಗಿದ್ದರೆ ಬೇಡದ್ದನ್ನು ಹೊರಗೆ ತಳ್ಳುತ್ತಿತ್ತು, ಹಾಡಿದವಳ ಮುಖಕ್ಕೆ ಬಿಸಿ ಗಾಳಿ ಬಡಿಯುತ್ತಿತ್ತು, ಅಷ್ಟೇ ಆಗುತ್ತಿತ್ತು. ಹಳೆಯ ಗಡಿಗೆಗೆ ಬೇಡ ಎನ್ನುವ ಶಕ್ತಿ ಇರುವುದಿಲ್ಲ. ಟಕ್ ಎಂದಿತು. ಬಾಯಿಯಿಂದ ಹೊಟ್ಟೆಯವರೆಗೆ ಒಂದು ಬಿರುಕು ಇರುವೆ ನಡೆದ ಹಾಗೆ ಇಳಿಯಿತು. ಹಾಲವ್ವನ ಜೋಗುಳ ಹೊರಗೇ ಚೆದುರಿಹೋಯಿತು.

ಓಡಿಹೋಗಿ ಜೇನುಮೇಣ ತಂದು ಬಿರುಕಿಗೆ ತಿಕ್ಕಿದೆ. ಆಮೇಲೆ ಇಬ್ಬರೂ ಕೇಳಿದೆವು. ಮೊದಲ ಜೋಗುಳ ಬಂತು. ಎರಡನೆಯದು ಬಂತು. ಮೂರನೆಯದು ಬರಬೇಕಾದಲ್ಲಿ ಅದರಷ್ಟೇ ಉದ್ದದ, ಅದರ ಹಾಗೆಯೇ ಏರಿಳಿಯುವ ಏನೋ ಒಂದು ಬಂತು. ಪದವಿಲ್ಲ, ರಾಗವಿಲ್ಲ. ಮೊರದಲ್ಲಿ ಜೋಳ ಕೇರಿದ ಹಾಗೆ ಬರೀ ಸದ್ದು. ಬಿರುಕು ಅದರ ಮೈಮೇಲೆ ಹಾದುಹೋಗಿತ್ತು, ತಾನು ಏನಾಗಿದ್ದೆ ಎನ್ನುವುದನ್ನು ಅದು ಮರೆತುಬಿಟ್ಟಿತ್ತು.

ಹಾಲವ್ವ ನನ್ನನ್ನು ಬೈಯಲಿಲ್ಲ. ಗಡಿಗೆಯ ಬಾಯಿಗೆ ಬಟ್ಟೆ ಕಟ್ಟುತ್ತಾ ಕೇಳಿದಳು, "ಇದು ನಮ್ಮವ್ವನ ಹೌದಿಲ್ಲೋ ಈಗ?"

ನಾನು ಬಿರುಕಿಗೆ ಇನ್ನಷ್ಟು ಮೇಣ ತಿಕ್ಕಿದೆ.

ಸಂಜೆ ಬಂಡಿ ಇಳಿದ ಅತ್ತೆ ಬಿರುಕನ್ನು ನೋಡಿದಳು, ನೆಲದ ಮೇಲೆ ಬಿದ್ದ ಕೆಂಪು ದಾರವನ್ನು ನೋಡಿದಳು. ಕೈಕಾಲು ತೊಳೆದು ಬಂದು ನನ್ನ ಎದುರು ಕೂತಳು. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಕೇಳಿದಳು.

"ಯಾಕ ಬಿಚ್ಚಿದಿ?"

"ಬಂದದ್ದೆಲ್ಲ ಜೋಗುಳಿತ್ತು ಅತ್ತಿ. ಅದಕ್ಕ..."

"ಬಂದದ್ದು ಜೋಗುಳ ಅಂದಮ್ಯಾಲೆ ಗಡಿಗಿ ಜೋಗುಳದ್ದ ಆಗಬೇಕೇನು? ಅದರ ಮಾತು ಜೋಗುಳಕ್ಕಿಂತ ಮ್ಯಾಲಿಂದೂ ಇರಬಹುದು, ಕೆಳಗಿಂದೂ ಇರಬಹುದು, ಬಾಜೂಕಿನದೂ ಇರಬಹುದು. ಫಕೀರವ್ವ ಹಾಡಿದ್ದಷ್ಟ ಅಂತಿರಬಹುದು. ಮಾಗಿಯೊಳಗ ಹಾಡಿದ್ದು ಅಂತಿರಬಹುದು. ಕೆಂಪು ದಾರ ಅಂದ್ರ ನನಗ ಗೊತ್ತಿಲ್ಲ ಅಂತ ಅರ್ಥ. ನನಗ ಗೊತ್ತಿಲ್ಲದ್ದು ನಿನಗ ಹ್ಯಾಂಗ ಗೊತ್ತಾತು?"

ನನಗೆ ಅಳು ಬಂತು. ನನ್ನ ಅಳು ನಿಲ್ಲುವವರೆಗೂ ಅವಳು ಕಾಯುತ್ತಾ ಕೂತಿದ್ದಳು. ಮೇಣ ಹದಿನೈದು ದಿನ ತಡೆದೀತು, ಆಮೇಲೆ ಒಳಗಿನದೆಲ್ಲ ಸೋರಿಹೋಗುತ್ತದೆ ಎಂದಳು. ಹಾಲವ್ವನ ದನಿಗೂ ಅಷ್ಟೇ ದಿನ ಉಳಿದಿತ್ತು.

ಆ ರಾತ್ರಿ ಏನೂ ಹೊಳೆಯಲಿಲ್ಲ. ಬೆಳಗ್ಗೆ ಮಣ್ಣು ತುಳಿಯುತ್ತಿದ್ದೆ. ತುಳಿಯುವಾಗ ತಲೆ ಖಾಲಿಯಾಗುತ್ತದೆ, ಕಾಲಿನ ಕೆಳಗಿನ ತಂಪು ಮೇಲೇರಿ ಬಂದು ಮನಸ್ಸು ಅರೆನಿದ್ದೆಗೆ ಇಳಿಯುತ್ತದೆ. ಆ ಅರೆನಿದ್ದೆಯಲ್ಲಿ ಎರಡು ದಾರಗಳು ಕಾಣಿಸಿದವು. ಕೆಂಪಾದರೆ ತೆಗೆ, ಬಿಳಿಯಾದರೆ ಹಾಕು. ಅಷ್ಟು ವರ್ಷ ನಾನು ಅವನ್ನು ಬೇರೆ ಬೇರೆ ಗಡಿಗೆಗಳ ಬೇರೆ ಬೇರೆ ಕಟ್ಟಳೆ ಎಂದುಕೊಂಡಿದ್ದೆ. ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದು ಎನ್ನುವುದು ಕಾಲು ಕೆಸರಿನಲ್ಲಿದ್ದ ಆ ಹೊತ್ತಿಗೇ ಹೊಳೆಯಿತು. ಹಳೆಯ ಗಡಿಗೆಗೆ ಹಾಲವ್ವನನ್ನು ಸೇರಿಸಲಾಗದಿದ್ದರೆ ಫಕೀರವ್ವನನ್ನೇ ಅಲ್ಲಿಂದ ಕರೆತರಬೇಕು. ಹಳೆಯದರ ಮಾತು ನಮಗೆ ಗೊತ್ತಿರಬೇಕಾದ್ದೇ ಇಲ್ಲ. ಬರುವುದು ದನಿ ಎಂದು ಗೊತ್ತಿದ್ದರೆ ಸಾಕು, ದನಿಯನ್ನು ಹಿಡಿಯುವ ಗಡಿಗೆ ಎದುರಿಗಿದ್ದರೆ ಸಾಕು.

ಕೆಸರುಗಾಲಿನಲ್ಲೇ ಓಡಿ ಹೋಗಿ ಅತ್ತೆಗೆ ಹೇಳಿದೆ. ಅವಳು ಕೈಯಲ್ಲಿದ್ದ ಜರಡಿಯನ್ನು ಕೆಳಗಿಟ್ಟಳು.

"ನಮ್ಮವ್ವ ಒಮ್ಮೆ ಮಾಡಿದ್ಲು ಅಂತ ಕೇಳೀನಿ," ಎಂದಳು. "ಹೊರಗ ಬಂದ ದನಿ ಒಂದ ಉಸಿರು ನಿಲ್ಲತೈತಿ. ಬಾಯಿಗೆ ಬಾಯಿ ಹಿಡೀಬೇಕು. ಗಡಿಗಿ ಮಾಡು. ಆದ್ರ ಮಾತು ಏನಂತ ಹೇಳ್ತಿ?"

"ನಾನಾ? ನೀ ಹೇಳಂಗಿಲ್ಲೇನು?"

"ದಾರ ಬಿಚ್ಚಿದಾಕಿ ನೀನು."

ಹಾಲವ್ವ ಬಂದಾಗ ಮೂವರೂ ಕೂತು ಯೋಚಿಸಿದೆವು. ಜೋಗುಳ ಎಂದರೆ ಹಳೆಯ ಗಡಿಗೆಯಲ್ಲಿ ಜೋಗುಳವಲ್ಲದ್ದೇನಾದರೂ ಇದ್ದರೆ ಅದು ಬೀದಿಪಾಲಾಗುತ್ತದೆ. ದನಿ ಎಂದರೆ ಎಲ್ಲವೂ ಹಿಡಿಸುತ್ತದೆ, ಒಂದನ್ನು ಬಿಟ್ಟು. ಬರೀ ಸದ್ದಾಗಿಹೋದ ಆ ಮೂರನೆಯ ಜೋಗುಳ ದನಿಯ ಗಡಿಗೆಗೆ ಸೇರುವುದಿಲ್ಲ. ಅದನ್ನೂ ಉಳಿಸಬೇಕಾದರೆ ಸದ್ದು ಎಂದೇ ಹೇಳಬೇಕು. ಆಗ ಗಾಳಿ, ಬಂಡಿಯ ಕೀಲು, ಬೆಕ್ಕಿನ ಜಗಳ ಎಲ್ಲಕ್ಕೂ ಬಾಗಿಲು ತೆರೆದ ಹಾಗೆ. ತೆಗೆದಾಗ ಬರುವುದು ಸದ್ದು, ಅದಕ್ಕಿಂತ ಹೆಚ್ಚಿನ ಭರವಸೆಯನ್ನು ಯಾರೂ ಕೊಡಲಾರರು.

ನಾನು ಹಾಲವ್ವನ ಮುಖ ನೋಡಿ ಹೇಳಿದೆ, "ಸದ್ದು ಅಂತನ ಹೇಳ್ತೀನಿ ಹಾಲಕ್ಕಾ. ಅದನ್ನ ಕೆಡಿಸಿದಾಕಿ ನಾನು. ಅದೂ ಉಳೀಲಿ."

ಹಾಲವ್ವ ನನ್ನ ಕೈ ಹಿಡಿದುಕೊಂಡಳು. ಪಲ್ಲೆ ಕಟ್ಟಿ ಕಟ್ಟಿ ಹಸಿರುಗಪ್ಪಾದ ಬೆರಳುಗಳು. ಪಿಸುದನಿಯಲ್ಲಿ ಮಾತಾಡಿದಳು, ಗಟ್ಟಿಯಾಗಿ ಮಾತಾಡಿ ದನಿ ಖರ್ಚು ಮಾಡುವುದನ್ನು ಆಗಲೇ ನಿಲ್ಲಿಸಿದ್ದಳು.

"ಬ್ಯಾಡ ನೀಲಗಂಗಾ. ಕೂಸು ಕತ್ತಲಾಗ ಎಚ್ಚರಾಗಿ ಅಳೂಮುಂದ ರೇಣವ್ವ ಬಟ್ಟಿ ಬಿಚ್ಚತಾಳ. ಆವಾಗ ಬರೂದು ಯಾರರ ಆಗಲಿ, ಮನಷ್ಯಾರಾಗಿರಬೇಕು. ಅಷ್ಟು ಸಾಕು. ಅಷ್ಟು ಬೇಕ ಬೇಕು."

ಮಧ್ಯಾಹ್ನ ಗಡಿಗೆ ಎತ್ತಿದೆ. ಅಷ್ಟು ನಿಧಾನವಾಗಿ ನಾನು ಯಾವುದನ್ನೂ ಎತ್ತಿರಲಿಲ್ಲ. ತಿಗರಿ ನಿಂತ ಮೇಲೆ ಅದರ ಬಾಯಿಗೆ ಬಾಯಿಟ್ಟೆ. ಹಸಿಮಣ್ಣಿನ ತಂಪು ತುಟಿಗೆ ತಾಗಿತು. "ದನಿ" ಎಂದೆ. ಒಳಗೆಲ್ಲೋ ಆಳದಲ್ಲಿ ಅದು ನನ್ನ ಮಾತನ್ನು ಮತ್ತೆ ಒಮ್ಮೆ ಹೇಳಿಕೊಂಡ ಹಾಗಾಯಿತು. ಎಂಟು ದಿನ ನೆರಳಿನಲ್ಲಿ ಒಣಗಿತು. ಆ ಎಂಟು ದಿನ ಹಾಲವ್ವ ಬಂದು ಹೋಗುತ್ತಿದ್ದಳು, ಮಾತಿಲ್ಲ. ಊರಿನಲ್ಲಿ ಪಲ್ಲೆಯ ಕೂಗು ನಿಂತು ಜನ ಒಲೆ ಹೊತ್ತಿಸುವ ಹೊತ್ತು ತಪ್ಪಿತು. ಒಂಬತ್ತನೆಯ ದಿನ ಅದೊಂದನ್ನೇ ಆವಿಗೆಗೆ ಹಾಕಿದೆವು. ಮರುದಿನ ತಣ್ಣಗಾದ ಮೇಲೆ ತೆಗೆದು ಒರೆಸಿ ಬಡಿದು ನೋಡಿದರೆ ಎಲ್ಲಿಯೂ ಒಡಕಿನ ಸದ್ದಿಲ್ಲ.

ಬಾಗಿಲು ಮುಚ್ಚಿ, ಕಿಟಕಿಯೊಂದನ್ನು ಬೆಳಕಿಗೆಂದು ಬಿಟ್ಟೆವು. ಅತ್ತೆ ಹಳೆಯದನ್ನು ಹಿಡಿದಳು, ನಾನು ಹೊಸದನ್ನು. ಹಾಲವ್ವ, ಅವಳ ಮಗಳು ರೇಣವ್ವ ಗೋಡೆಗೊರಗಿ ಕೂತಿದ್ದರು. ರೇಣವ್ವನ ಕೈ ಹೊಟ್ಟೆಯ ಮೇಲಿತ್ತು. ಅತ್ತೆ ಬಟ್ಟೆ ಬಿಚ್ಚಿದಳು.

ಮೊದಲ ಜೋಗುಳ ಬಂತು, ನನ್ನ ಗಡಿಗೆಯ ಬಾಯಿಯ ಮೇಲೆ ಒಂದು ಗಳಿಗೆ ನಿಂತಿತು, ಇಳಿಯಿತು. ನನ್ನ ಅಂಗೈಗೆ ಗಡಿಗೆ ಬೆಚ್ಚಗಾದದ್ದು ತಿಳಿಯಿತು. ಎರಡನೆಯದೂ ಇಳಿಯಿತು. ಆಮೇಲೆ ಆ ಮರೆತುಹೋದದ್ದು ಬಂತು. ಬಾಯಿಯ ಸುತ್ತ ಒಂದು ಸುತ್ತು ಸುತ್ತಿತು. ಎರಡು ಸುತ್ತು. ಒಳಗಿನವರ ಗುರುತು ಸಿಕ್ಕಿತೇನೋ ಎನ್ನುವ ಹಾಗೆ ತಡೆಯಿತು. ನಾನು ಗಡಿಗೆಯನ್ನು ಇನ್ನಷ್ಟು ಎತ್ತಿ ಹಿಡಿದೆ, ಹಿಡಿದರೆ ಒಳಗಾದೀತು ಎಂದಲ್ಲ, ಕೈ ತಾನಾಗಿ ಎತ್ತಿತು. ಅದು ಸೇರಲಿಲ್ಲ. ಕಿಟಕಿಯಿಂದ ಹೊರಗೆ ಹೋಗಿ ಬಿಳಿ ಬಯಲಿನ ಗಾಳಿಗೆ ಕೂಡಿತು. ಹಾಲವ್ವ ಎದ್ದು ಕಿಟಕಿಯವರೆಗೆ ಹೋದಳು, ಅಲ್ಲೇ ನಿಂತಳು.

ಇಷ್ಟೇ ಎಂದುಕೊಂಡಿದ್ದೆವು. ಅತ್ತೆ ಹಳೆಯ ಗಡಿಗೆಯನ್ನು ಇನ್ನೂ ಸ್ವಲ್ಪ ಬಾಗಿಸಿದಳು. ಅಷ್ಟು ವರ್ಷ ತಳದಲ್ಲಿ ಕೂತಿದ್ದವು ಒಂದೊಂದಾಗಿ ಮೇಲೆ ಬಂದವು. "ಏ ಹಾಲೂ, ಬಿಸಲಾಗ ಬರಿಗಾಲಿಲೆ ಹೋಗಬ್ಯಾಡ." "ಒಂದು, ಎರಡು, ಮೂರು, ಎಲ್ಲಿ, ಬೆರಳು ತೋರಸು." "ಹಾಲೂ, ಬಾಗಲಾ ಹಾಕಬ್ಯಾಡ, ನಾ ಇಲ್ಲೇ ಅದೀನಿ." ಒಂದು ನಗು. ಒಂದು ಬರೀ ನಿಟ್ಟುಸಿರು. ಎಲ್ಲವೂ ಹೊಸ ಗಡಿಗೆಯೊಳಗೆ ಇಳಿದವು, ಒಂದೂ ತಪ್ಪಲಿಲ್ಲ. ಹಾಲವ್ವ ಕಿಟಕಿಗೆ ಬೆನ್ನು ತಿರುಗಿಸಿ ಗೋಡೆ ಹಿಡಿದು ಕೂತುಬಿಟ್ಟಳು. "ನನಗ ಹೇಳಿದ್ದೆಲ್ಲ," ಎಂದಳು, ಪಿಸುಗುಟ್ಟುವುದನ್ನೂ ಮರೆತು, ಗಟ್ಟಿಯಾಗಿ. "ಎಲ್ಲಾ ನನಗ ಹೇಳಿದ್ದು."

ಆ ಗಡಿಗೆಯ ಮಾತು ಅದೇ ಇದ್ದಿರಬೇಕು, ಹಾಲವ್ವನಿಗೆ ಹೇಳಿದ್ದು. ಹಾಗಿದ್ದರೆ ಹಾಲವ್ವ ತಾನೇ ಹಾಡಿದ ಜೋಗುಳವನ್ನು ಅದು ಹೇಗೆ ಹಿಡಿದೀತು? ಅತ್ತೆಗೆ ಹೇಳಿದೆ. "ಇರಬಹುದು," ಎಂದಳು. "ಖರೇ ಮಾತು ನಮ್ಮವ್ವನ ಜೋಡಿ ಹೋಗೇತಿ. ನೀ ಅಂದಾಜ ಮಾಡಬ್ಯಾಡ." ಆದರೆ ಖಾಲಿಯಾದ ಹಳೆಯ ಗಡಿಗೆಯನ್ನು ಅವಳು ಎಸೆಯಲಿಲ್ಲ, ಹಾಲವ್ವನ ಮುಂದೆ ಇಟ್ಟಳು. ಹಾಲವ್ವ ಅದನ್ನು ಸೆರಗಿನಿಂದ ಒರೆಸಿದಳು.

ಉಳಿದದ್ದು ಐದು ದಿನ. ಆ ಐದು ದಿನ ಹಾಲವ್ವ ಹೊಸ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಾಯಿಗೆ ಬಂದದ್ದನ್ನೆಲ್ಲ ಹಾಕಿದಳು. ಜೋಗುಳ ಹಾಕಿದಳು. ಪಲ್ಲೆ ಮಾರುವ ಕೂಗು ಹಾಕಿದಳು. ಅಳಿಯನನ್ನು ಬೈದು ಹಾಕಿದಳು, ರೇಣವ್ವ ಬೇಡ ಬೇಡ ಎಂದು ಅವಳ ಬಾಯಿ ಮುಚ್ಚುವಷ್ಟರಲ್ಲಿ. ಪುಂಡಿಪಲ್ಲೆ ಬೇಯಿಸುವಾಗ ಹುಳಿ ಹೇಗೆ ತೆಗೆಯಬೇಕೆಂದು ಹೇಳಿದಳು. ಹೊತ್ತು ಸರಿದಂತೆ ದನಿ ನೂಲಿನಷ್ಟಾಯಿತು, ಗಡಿಗೆ ಅದನ್ನೂ ಹಿಡಿಯಿತು. ಆಮೇಲೆ ಆಸ್ಪತ್ರೆಗೆ ಹೋದಳು. ಹೇಳಿದ ಹಾಗೆಯೇ ಜೀವ ಉಳಿಯಿತು.

ರೇಣವ್ವನಿಗೆ ಹೆಣ್ಣು ಮಗುವಾಯಿತು. ಹಾಲವ್ವ ತೊಟ್ಟಿಲು ತೂಗುತ್ತಾಳೆ, ರೇಣವ್ವ ಬಟ್ಟೆ ಸಡಿಲಿಸುತ್ತಾಳೆ. ಏನು ಬರುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಒಮ್ಮೆ ಫಕೀರವ್ವನ ಜೋಗುಳ ಬಂದು ಮಗು ಮಲಗುತ್ತದೆ. ಒಮ್ಮೆ "ಪುಂಡಿಪಲ್ಲೇ, ರಾಜಗಿರೀ" ಎಂದು ಕೂಗಿ ಮಲಗಿದ್ದ ಮಗುವೂ ಪಕ್ಕದ ಮನೆಯವರೂ ಎದ್ದು ಕೂರುತ್ತಾರೆ. ಅಳಿಯ ಬಂದ ದಿನವೇ ಬೈಗುಳ ಬಂತಂತೆ. ಅವನು ಊಟ ಬಿಟ್ಟು ಎದ್ದವನು, ಹಾಲವ್ವ ತುಟಿ ಮಾತ್ರ ಅಲ್ಲಾಡಿಸಿ ನಗುವುದನ್ನು ನೋಡಿ ತಿರುಗಿ ಕೂತನಂತೆ. ಬಂದ ದನಿ ಅವ್ವನದೋ ಅಜ್ಜಿಯದೋ ಎಂದು ಈಗ ರೇಣವ್ವನಿಗೇ ಕೆಲವು ಸಲ ಗುರುತು ಹತ್ತುವುದಿಲ್ಲ. ಮಗುವಿಗಂತೂ ಆ ಚಿಂತೆಯಿಲ್ಲ.

ಮಗುವಿಗೆ ಆರು ತಿಂಗಳಾದಾಗ ಒಂದು ದಿನ ಹಾಲವ್ವ ಗಡಿಗೆ ಹೊತ್ತು ನಮ್ಮ ಮನೆಗೆ ಬಂದಳು. ಕೊರಳಿಗೆ ಹತ್ತಿಯ ಪಟ್ಟಿ ಸುತ್ತಿಕೊಂಡಿದ್ದಳು. ನಾನು ಗಾಬರಿಯಾದೆ, ಎಲ್ಲಾದರೂ ಬಿರುಕು ಬಿಟ್ಟಿತೇನೋ ಎಂದು ಸುತ್ತ ತಿರುಗಿಸಿ ನೋಡಿದೆ. ಗಟ್ಟಿಯಾಗಿತ್ತು. ಅವಳು ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಬಟ್ಟೆ ಬಿಚ್ಚಿ, ಅದರ ಬಾಯಿಯನ್ನು ನನ್ನ ಮುಖದ ಕಡೆ ಹಿಡಿದಳು. ಹಿಡಿದು ಗದ್ದ ಎತ್ತಿದಳು, ಹಾಕು ಎನ್ನುವ ಹಾಗೆ.

"ನಾನಾ?" ಎಂದೆ. "ನನ್ನ ದನಿ ಯಾಕ ಹಾಲಕ್ಕಾ? ನಾ ನಿಮ್ಮ ಮನ್ಯಾಕಿ ಅಲ್ಲ."

ಅವಳು ಗಡಿಗೆಯನ್ನು ಇನ್ನೂ ಹತ್ತಿರ ತಂದಳು. ಜೋಗುಳ ಹಾಡಲೇ ಎಂದರೆ ಒಂದೂ ನೆನಪಾಗಲಿಲ್ಲ. ಕೊನೆಗೆ, "ಏನ್ ಹೇಳ್ಲಿ ನಾ?" ಎಂದು ಕೇಳಿದೆ.

ಅಷ್ಟಕ್ಕೆ ಹಾಲವ್ವ ಬಟ್ಟೆ ಕಟ್ಟಿಬಿಟ್ಟಳು. ಅಯ್ಯೋ, ಇರು, ಅದಲ್ಲ ಎಂದು ನಾನು ಹಿಂದೆ ಓಡಿದರೆ ಅವಳು ಮೈಯೆಲ್ಲ ಕುಲುಕಿಸಿ ಸದ್ದಿಲ್ಲದೆ ನಗುತ್ತಾ ಬಿಳಿ ಧೂಳಿನೊಳಗೆ ಹೊರಟುಹೋದಳು.

ಮೊನ್ನೆ ರೇಣವ್ವ ಕೆರೆಯ ಹಾದಿಯಲ್ಲಿ ಸಿಕ್ಕಿದ್ದಳು. ಗಡಿಗೆಯಿಂದ ನನ್ನ ದನಿಯ ಆ ಪ್ರಶ್ನೆ ಬಂದಾಗಲೆಲ್ಲ ಮಗು ಅಳು ನಿಲ್ಲಿಸಿ ಉತ್ತರ ಕೊಡುತ್ತದಂತೆ.

"ಏನಂತೈತಿ?" ಎಂದು ಕೇಳಿದೆ.

"ಅದಕ್ಕಿನ್ನೂ ಮಾತು ಬಂದಿಲ್ಲಲ್ಲ," ಎಂದಳು ರೇಣವ್ವ. "ಏನರ ಒಂದು ಅಂತೈತಿ."